53ನೆಯ ದಾಖಲೆ: ಹಾಲಿನ ಲೆಕ್ಕ ಸಾಕೆಟ್ ದಾಟುವಲ್ಲಿ ಕೆಟ್ಟ ಬಗೆ

ಇದು ಒಂದು ಜಿಲ್ಲೆಯ ಹಾಲು ಸಂಗ್ರಹಣೆಯ ಲೆಕ್ಕಕ್ಕೆ ಸಂಬಂಧಿಸಿದ ಪ್ರಕರಣ. ಊರು, ಸಂಸ್ಥೆ, ವ್ಯಕ್ತಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬೈಟ್‌ಗಳ ಲೆಕ್ಕವನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ, ಏಕೆಂದರೆ ಕಲಿಯುವವರಿಗೆ ಬೇಕಾದದ್ದು ಇರುವುದು ಅಲ್ಲಿಯೇ. ದೋಷದ ಹುಡುಕಾಟ ಅರ್ಧ ದಾರಿಗೆ ಬಂದಿದ್ದಾಗ ಕೋಡ್ ನೋಡಿಕೊಡಲು ನನ್ನನ್ನು ಕರೆದಿದ್ದರು.

ವ್ಯವಸ್ಥೆ ಹೇಗಿತ್ತು

ಊರಿನ ಡೇರಿಯಲ್ಲಿ ಬೆಳಿಗ್ಗೆ, ಸಂಜೆ ನಡೆಯುವ ಕೆಲಸ ಹಳ್ಳಿಯನ್ನು ಬಲ್ಲವರಿಗೆಲ್ಲ ಗೊತ್ತು. ಸದಸ್ಯರು ಕ್ಯಾನ್ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಹಾಲನ್ನು ಅಳೆಯುತ್ತಾರೆ, ಸ್ವಲ್ಪ ಮಾದರಿ ಪರೀಕ್ಷಾ ಯಂತ್ರಕ್ಕೆ ಹೋಗುತ್ತದೆ, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಯಂತ್ರ ಹೇಳುತ್ತದೆ, ಚೀಟಿ ಮುದ್ರಣವಾಗಿ ಕೈಗೆ ಬರುತ್ತದೆ. ಎಸ್‌ಎನ್‌ಎಫ್ ಎಂದರೆ ಕೊಬ್ಬನ್ನೂ ನೀರನ್ನೂ ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ: ಪ್ರೊಟೀನ್, ಲ್ಯಾಕ್ಟೋಸ್, ಖನಿಜ. ಆಕಳ ಹಾಲಿನಲ್ಲಿ ಅದು ಸಾಮಾನ್ಯವಾಗಿ ಶೇಕಡಾ 8ರಿಂದ 9ರೊಳಗೆ ಇರುತ್ತದೆ. ಲೀಟರಿಗೆ ಸಿಗುವ ದರ ಈ ಎರಡು ಅಂಕಿಗಳ ಮೇಲೆ ನಿಂತಿದೆ. ಹಾಗಾಗಿ ಇಲ್ಲಿ ಒಂದು ಅಂಕಿ ಆಚೀಚೆಯಾದರೆ ಅದು ಯಾರದೋ ಮನೆಯ ಬಟವಾಡೆಯಲ್ಲಿ ಕಾಣಿಸುತ್ತದೆ.

ಪ್ರತಿ ಡೇರಿಯಲ್ಲಿ ಒಂದು ಹಳೆಯ 32 ಬಿಟ್ ಕಂಪ್ಯೂಟರ್ ಇತ್ತು. ಸಿ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಂ ಒಂದು ಪ್ರತಿ ಸದಸ್ಯರ ದಾಖಲೆಯನ್ನು ಡಾಂಗಲ್‌ನ ಮೊಬೈಲ್ ಸಂಪರ್ಕದ ಮೂಲಕ ಕೇಂದ್ರ ಕಚೇರಿಯ ಸರ್ವರ್‌ಗೆ ಟಿಸಿಪಿ ಸಾಕೆಟ್‌ನಲ್ಲಿ ಕಳುಹಿಸುತ್ತಿತ್ತು. ಟಿಸಿಪಿ ಎಂದರೆ ಜಾಲದಲ್ಲಿ ಬೈಟ್‌ಗಳನ್ನು ಸಾಗಿಸುವ ನಿಯಮಗಳ ಕಟ್ಟು, ಸಾಕೆಟ್ ಎಂದರೆ ಅದಕ್ಕಾಗಿ ಪ್ರೋಗ್ರಾಂ ತೆರೆಯುವ ಬಾಗಿಲು. ಸಂಪರ್ಕ ಇಲ್ಲದಿದ್ದರೆ ದಾಖಲೆಗಳು ಡಿಸ್ಕ್‌ನ ಸರದಿ ಕಡತದಲ್ಲಿ ಕಾಯುತ್ತಿದ್ದವು. ಸಂಪರ್ಕ ಮರಳಿದ ಕೂಡಲೇ ಒಟ್ಟಿಗೆ ಹೊರಡುತ್ತಿದ್ದವು.

ದಾಖಲೆ ಎಂದರೆ ಒಂದು ಸ್ಟ್ರಕ್ಟ್, ಅಂದರೆ ಹಲವು ಕ್ಷೇತ್ರಗಳನ್ನು ಒಟ್ಟಿಗೆ ಹಿಡಿದಿಡುವ ಸಿ ಭಾಷೆಯ ಕಟ್ಟು. ಒಂದು ಬೈಟಿನ ಸಂದೇಶದ ಬಗೆ, ಎರಡು ಬೈಟಿನ ಡೇರಿ ಸಂಖ್ಯೆ, ನಾಲ್ಕು ಬೈಟಿನ ಸದಸ್ಯ ಸಂಖ್ಯೆ, ಸಮಯಕ್ಕೆ ಒಂದು ಲಾಂಗ್ (ಆ ಯಂತ್ರದಲ್ಲಿ ನಾಲ್ಕು ಬೈಟಿನ ಪೂರ್ಣಾಂಕ), ಪ್ರಮಾಣ, ಫ್ಯಾಟ್, ಎಸ್‌ಎನ್‌ಎಫ್‌ಗಳಿಗೆ ಒಂದೊಂದು ಫ್ಲೋಟ್ (ನಾಲ್ಕು ಬೈಟಿನ ದಶಮಾಂಶ ಸಂಖ್ಯೆ), ಕೊನೆಗೆ ಬೆಳಗಿನ ಹಾಲೋ ಸಂಜೆಯ ಹಾಲೋ ಎಂದು ಹೇಳುವ ಒಂದು ಅಕ್ಷರ. ಕೂಡಿದರೆ 24 ಬೈಟ್ ಆಗಬೇಕು. ಆದರೆ ಕಂಪೈಲರ್ ಪ್ರತಿ ಕ್ಷೇತ್ರವನ್ನು ಅದಕ್ಕೆ ಒಪ್ಪುವ ವಿಳಾಸದಲ್ಲಿ ಕೂರಿಸಲು ಮೊದಲ ಬೈಟಿನ ನಂತರ ಒಂದು, ಕೊನೆಯಲ್ಲಿ ಮೂರು ಖಾಲಿ ಬೈಟ್‌ಗಳನ್ನು ಸೇರಿಸುತ್ತದೆ. ಒಟ್ಟು 28. ಕಳುಹಿಸುವವರು ಸ್ಟ್ರಕ್ಟ್‌ನ ವಿಳಾಸ ಮತ್ತು ಅದರ ಗಾತ್ರವನ್ನು ಸೆಂಡ್ ಎಂಬ ಫಂಕ್ಷನ್‌ಗೆ ಕೊಡುತ್ತಿದ್ದರು. ಪಡೆಯುವವರು ಅದೇ ಗಾತ್ರವನ್ನು ರಿಸೀವ್‌ಗೆ ಹೇಳಿ, ಬಂದದ್ದನ್ನು ನೇರವಾಗಿ ಅದೇ ಬಗೆಯ ಸ್ಟ್ರಕ್ಟ್‌ಗೆ ತುಂಬಿಕೊಳ್ಳುತ್ತಿದ್ದರು. ಡೇರಿ ಸಂಖ್ಯೆ ಪಟ್ಟಿಯಲ್ಲಿದ್ದರೆ ದಾಖಲೆ ಡೇಟಾಬೇಸ್ ಸೇರುತ್ತಿತ್ತು. ಇಲ್ಲದಿದ್ದರೆ ಲಾಗ್‌ನಲ್ಲಿ ಒಂದು ಸಾಲು ಬರೆದು ಬಿಟ್ಟುಬಿಡುತ್ತಿತ್ತು. ಆ ಲಾಗನ್ನು ಯಾರೂ ತೆರೆದು ನೋಡುತ್ತಿರಲಿಲ್ಲ.

ಇದು ವರ್ಷಗಟ್ಟಲೆ ನಡೆಯಿತು. ತಪ್ಪಿದೆ ಎಂದು ಯಾರಿಗೂ ಅನ್ನಿಸಲಿಲ್ಲ, ಅನ್ನಿಸಲು ಕಾರಣವೂ ಇರಲಿಲ್ಲ.

ಹೊಸ ಸರ್ವರ್, ಹೊಸ ದೂರು

ಕೇಂದ್ರದ ಸರ್ವರ್ ಹಳತಾಗಿತ್ತು. ತಿರುಗುವ ಹಾರ್ಡ್ ಡಿಸ್ಕ್ ಇದ್ದ ಆ ಯಂತ್ರವನ್ನು ತೆಗೆದು ಎಸ್‌ಎಸ್‌ಡಿ ಇರುವ 64 ಬಿಟ್ ಯಂತ್ರ ತಂದರು. ಅಲ್ಲಿ ಪ್ರೋಗ್ರಾಂ ಕಂಪೈಲ್ ಮಾಡಿದ ಕೂಡಲೇ ಮೊದಲ ಪೆಟ್ಟು ಬಿತ್ತು. 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ ಎಂದರೆ 8 ಬೈಟ್, ಆದ್ದರಿಂದ ಸ್ಟ್ರಕ್ಟ್ 28ರ ಬದಲು 32 ಬೈಟ್ ಆಯಿತು. ಒಂದು ದಾಖಲೆಯೂ ಸರಿಯಾಗಿ ಬರಲಿಲ್ಲ. ತಂಡ ಇದನ್ನು ಬೇಗ ಹಿಡಿಯಿತು. ಪ್ರೋಗ್ರಾಂ ಅನ್ನು 32 ಬಿಟ್ ಆಯ್ಕೆ ಕೊಟ್ಟು ಮತ್ತೆ ಕಂಪೈಲ್ ಮಾಡಿದರು, ಎಲ್ಲವೂ ಮೊದಲಿನಂತಾಯಿತು.

ಈ ಪ್ರಕರಣದ ಮೊದಲ ತಿರುವು ಇದು ಎಂದು ನನ್ನ ಅಭಿಪ್ರಾಯ. ತಂತಿಯ ಮೇಲೆ ಹೋಗುತ್ತಿರುವುದು ಕಂಪೈಲರ್ ತನ್ನ ಅನುಕೂಲಕ್ಕೆ ಜೋಡಿಸಿಕೊಂಡ ನೆನಪಿನ ನಕ್ಷೆ, ಎರಡು ಯಂತ್ರಗಳು ಒಪ್ಪಿಕೊಂಡ ಒಡಂಬಡಿಕೆ ಅಲ್ಲ ಎಂಬುದು ಅಂದು ಬೆಳಕಿಗೆ ಬಂದಿತ್ತು. ಆದರೆ ಅರ್ಧ ದಿನದಲ್ಲಿ ಕೆಲಸ ಮತ್ತೆ ಶುರುವಾದ್ದರಿಂದ ಆ ಪ್ರಶ್ನೆ ಅಲ್ಲಿಗೇ ನಿಂತಿತು. ಅದು ಸೋಮಾರಿತನವಲ್ಲ. ಮರುದಿನ ಬೆಳಗಿನ ಹಾಲು ಬರುವ ಮೊದಲು ಸರ್ವರ್ ಎದ್ದಿರಲೇಬೇಕಿತ್ತು.

ಮಳೆಗಾಲ ಆರಂಭವಾಯಿತು, ದೂರುಗಳೂ ಬಂದವು. ಕೆಲವು ಡೇರಿಗಳಲ್ಲಿ ಇಡೀ ಹೊತ್ತಿನ ಅರ್ಧಕ್ಕಿಂತ ಹೆಚ್ಚು ಸದಸ್ಯರ ದಾಖಲೆ ಕೇಂದ್ರಕ್ಕೆ ಬಂದೇ ಇರುತ್ತಿರಲಿಲ್ಲ. ಡೇರಿಯ ಕಂಪ್ಯೂಟರ್ ಮಾತ್ರ ಎಲ್ಲವನ್ನೂ ಕಳುಹಿಸಿದ್ದೇನೆ ಎಂದು ತೋರಿಸುತ್ತಿತ್ತು. ಕಾರ್ಯದರ್ಶಿಗಳು ಪುಸ್ತಕದಿಂದ ಓದಿ ಫೋನಿನಲ್ಲಿ ಹೇಳಿ, ಕಚೇರಿಯವರು ಕೈಯಿಂದ ತುಂಬಿ, ಬಟವಾಡೆ ತಡವಾಗಿ ಆಗುತ್ತಿತ್ತು.

ಮಳೆ, ಮೊಬೈಲ್ ಸಂಪರ್ಕ, ಕಾಣೆಯಾದ ದಾಖಲೆ. ಮೂರನ್ನೂ ಕೂಡಿಸಿದರೆ ಸಂಪರ್ಕದ ಕಂಪನಿಯನ್ನು ದೂರುವುದು ಸಹಜ. ಒಂದೆರಡು ಕಡೆ ಸಿಮ್ ಬದಲಿಸಿದರು, ಆಂಟೆನಾ ಎತ್ತರಿಸಿದರು. ಟಿಸಿಪಿ ಕಳೆದುಹೋದ ಪ್ಯಾಕೆಟ್‌ಗಳನ್ನು ಮತ್ತೆ ಕಳುಹಿಸುತ್ತದೆ, ಕ್ರಮ ತಪ್ಪದಂತೆ ಜೋಡಿಸುತ್ತದೆ. ಸಂಪರ್ಕ ಎಷ್ಟೇ ಕೆಟ್ಟದಿದ್ದರೂ ನಡುವಿನ ಬೈಟ್‌ಗಳು ಮಾಯವಾಗಿ ಆಮೇಲಿನವು ಮಾತ್ರ ಬರುವುದು ಅಲ್ಲಿ ಸಾಧ್ಯವಿಲ್ಲ. ತಂಡದ ಕಿರಿಯ ಎಂಜಿನಿಯರ್ ಒಬ್ಬರು ಇದನ್ನು ಆಗಲೇ ಹೇಳಿದ್ದರು. ಆದರೆ ಕಚೇರಿಯೊಳಗಿನ ಪರೀಕ್ಷೆಯಲ್ಲಿ ದೋಷ ಒಮ್ಮೆಯೂ ಕಾಣಿಸಿಕೊಳ್ಳದ ಕಾರಣ ಅವರ ಮಾತಿಗೆ ಆಧಾರ ಸಿಗಲಿಲ್ಲ.

ತಾತ್ಕಾಲಿಕ ಮದ್ದುಗಳು

ಮೊದಲು ಮಾಡಿದ್ದು ಕಳುಹಿಸುವ ಕಡೆ ಪ್ರತಿ ದಾಖಲೆಯ ನಂತರ 50 ಮಿಲಿಸೆಕೆಂಡ್ ನಿಲ್ಲಿಸಿದ್ದು. ದೂರು ಬಹಳ ಕಡಿಮೆಯಾಯಿತು. ಇಂಥ ಮದ್ದಿನ ಅಪಾಯ ಅದೇ: ಅದು ಸ್ವಲ್ಪ ಕೆಲಸ ಮಾಡುತ್ತದೆ. ಕಾರಣ ಗೊತ್ತಾಗದೆ ಲಕ್ಷಣ ಕಡಿಮೆಯಾದರೆ ಹುಡುಕಾಟ ನಿಲ್ಲುತ್ತದೆ. ಜೋರು ಮಳೆಯ ಒಂದು ವಾರದಲ್ಲಿ ದೂರುಗಳು ಮತ್ತೆ ಬಂದವು. ಆಮೇಲೆ ಸಾಕೆಟ್‌ನಲ್ಲಿ ಸಣ್ಣ ತುಣುಕುಗಳನ್ನು ಕೂಡಿಹಾಕದೆ ಕೂಡಲೇ ಕಳುಹಿಸುವ ಆಯ್ಕೆಯನ್ನು ಹಾಕಿದರು, ಅಂದರೆ ನೇಗಲ್ ವಿಧಾನವನ್ನು ನಿಲ್ಲಿಸಿದರು. ಅದೂ ಸ್ವಲ್ಪ ಸಹಾಯ ಮಾಡಿತು, ಪೂರ್ತಿ ಅಲ್ಲ. ಸಂಪರ್ಕ ನಡುವೆ ನಿಂತಾಗ ದಾಖಲೆಗಳು ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ಬಫರ್‌ನಲ್ಲಿ, ಅಂದರೆ ಬೈಟ್‌ಗಳು ಕಾಯುವ ತಾತ್ಕಾಲಿಕ ಜಾಗದಲ್ಲಿ, ಹೇಗಿದ್ದರೂ ಸಾಲಾಗಿ ಕೂಡಿಕೊಳ್ಳುತ್ತವೆ. ಮತ್ತೆ ಹೊರಡುವಾಗ ದೊಡ್ಡ ತುಂಡುಗಳಾಗಿಯೇ ಹೊರಡಬಹುದು.

ಮೂರನೆಯ ಪ್ರಯತ್ನ ಸರಿಯಾದ ಜಾಗಕ್ಕೆ ಹತ್ತಿರ ಬಂದಿತ್ತು. ಸರ್ವರ್ ಕಡೆ, ರಿಸೀವ್ ಹಿಂದಿರುಗಿಸಿದ ಸಂಖ್ಯೆ ಸ್ಟ್ರಕ್ಟ್‌ನ ಗಾತ್ರಕ್ಕಿಂತ ಕಡಿಮೆಯಿದ್ದರೆ ದಾಖಲೆಯನ್ನು ಬಿಟ್ಟು ಸಂಪರ್ಕ ಮುಚ್ಚಬೇಕು ಎಂಬ ಪರೀಕ್ಷೆ ಸೇರಿಸಿದರು. ಜೊತೆಗೆ ಸತ್ತ ಸಂಪರ್ಕಗಳು ಜಾಗ ಹಿಡಿದು ಕೂರದಂತೆ 30 ಸೆಕೆಂಡಿನ ಕಾಲಮಿತಿಯನ್ನೂ ಇಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ಒಬ್ಬ ಸದಸ್ಯರು ರಾತ್ರಿಯಿಡೀ 30 ಸೆಕೆಂಡಿಗೊಮ್ಮೆ ಹಾಲು ಹಾಕಿದಂತೆ ದಾಖಲೆಗಳು ಬಂದಿದ್ದವು.

ಸಿ ಬಲ್ಲವರಿಗೆ ಇದು ಹಳೆಯ ಹೊಂಡ. ಕಾಲಮಿತಿ ಮುಗಿದಾಗ ರಿಸೀವ್ −1 ಕೊಡುತ್ತದೆ. ಸ್ಟ್ರಕ್ಟ್‌ನ ಗಾತ್ರ ಚಿಹ್ನೆಯಿಲ್ಲದ ಸಂಖ್ಯೆ. ಎರಡನ್ನೂ ಹೋಲಿಸುವಾಗ ಭಾಷೆಯ ನಿಯಮದಂತೆ −1 ಕೂಡ ಚಿಹ್ನೆಯಿಲ್ಲದ ಸಂಖ್ಯೆಯಾಗಿ ಬದಲಾಗಿ, 32 ಬಿಟ್‌ನಲ್ಲಿ 4294967295 ಆಗುತ್ತದೆ. ಅದು 28ಕ್ಕಿಂತ ಕಡಿಮೆಯಲ್ಲ. ಹಾಗಾಗಿ ಪರೀಕ್ಷೆ ದಾಟಿತು, ಬಫರ್‌ನಲ್ಲಿ ಹಿಂದಿನಿಂದ ಉಳಿದಿದ್ದ ದಾಖಲೆ ಮತ್ತೆ ಡೇಟಾಬೇಸ್ ಸೇರಿತು. ಕಂಪೈಲರ್‌ಗೆ ಹೆಚ್ಚುವರಿ ಎಚ್ಚರಿಕೆಗಳನ್ನು ಕೇಳಿದ್ದರೆ ಅದೇ ಹೇಳುತ್ತಿತ್ತು. ಜಿಸಿಸಿ ಎಂಬ ಕಂಪೈಲರ್‌ನಲ್ಲಿ ಸಿ ಕೋಡ್‌ಗೆ ಈ ಎಚ್ಚರಿಕೆ "ವಾಲ್" (-Wall) ಆಯ್ಕೆಯಲ್ಲಿ ಬರುವುದಿಲ್ಲ, "ವೆಕ್ಸ್ಟ್ರಾ" (-Wextra) ಬೇಕು.

ಇದನ್ನು ಅದೇ ದಿನ ಸರಿಪಡಿಸಿದರು. ಆದರೆ ಈ ಘಟನೆ ಒಂದು ಉಪಕಾರ ಮಾಡಿತು. ಬಫರ್‌ನಲ್ಲಿ ಹಿಂದಿನ ದಾಖಲೆಯ ಬೈಟ್‌ಗಳು ಉಳಿದಿರುತ್ತವೆ ಎಂಬುದು ಎಲ್ಲರ ಕಣ್ಣಿಗೆ ಬಿತ್ತು. ಅದರ ಅರ್ಥ ಎಷ್ಟು ದೊಡ್ಡದು ಎಂದು ತಿಳಿದದ್ದು ಮಾತ್ರ ಒಬ್ಬ ಕಾರ್ಯದರ್ಶಿ ಹಿಂದಿನ ಚೀಟಿಗಳ ಕಟ್ಟನ್ನು ಹಿಡಿದು ಕಚೇರಿಗೆ ಬಂದ ಮೇಲೆ.

ಚೀಟಿ ಹೇಳಿದ್ದು, ಲಾಗ್ ಹೇಳಿದ್ದು

"ಮೇಡಂ, ದಾಖಲೆ ಬರದಿದ್ದರೆ ನಾವು ಕೇಳಿ ಬರೆಸುತ್ತೇವೆ, ಅದು ಬೇರೆ ಮಾತು. ಇಲ್ಲಿ ನೋಡಿ, ಈ ಅಮ್ಮನ ಚೀಟಿಯಲ್ಲಿ ಎಸ್‌ಎನ್‌ಎಫ್ 8.6 ಇದೆ, ನಿಮ್ಮ ಪಟ್ಟಿಯಲ್ಲಿ 8.1 ಇದೆ. ದಾಖಲೆ ಬಂದಿದೆ, ಆದರೆ ಅದು ಅವರದಲ್ಲ" ಎಂದು ಅವರು ಆ ಕಿರಿಯ ಎಂಜಿನಿಯರ್ ಮುಂದೆ ಎರಡನ್ನೂ ಇಟ್ಟರು. ಫ್ಯಾಟ್, ಪ್ರಮಾಣ, ಸಮಯ ಎಲ್ಲವೂ ಸರಿಯಾಗಿದ್ದವು. 8.1 ಎಂಬುದು ಸಾಲಿನಲ್ಲಿ ಅವರಿಗಿಂತ ಮುಂದೆ ನಿಂತಿದ್ದವರ ಎಸ್‌ಎನ್‌ಎಫ್.

ಅಲ್ಲಿಯವರೆಗೆ ತಂಡ ಹುಡುಕುತ್ತಿದ್ದುದು ಕಾಣೆಯಾದ ದಾಖಲೆಗಳನ್ನು. ಕಾಣೆಯಾದದ್ದು ಕಾಣೆಯಾಗಿದೆ ಎಂದು ಗೊತ್ತಾಗುತ್ತದೆ, ಯಾರಾದರೂ ಕೇಳುತ್ತಾರೆ. ತಪ್ಪಾಗಿ ಬಂದದ್ದನ್ನು ಯಾರೂ ಕೇಳುವುದಿಲ್ಲ. ಈ ಕಾರ್ಯದರ್ಶಿಯಂತೆ ಚೀಟಿಗೂ ಪಟ್ಟಿಗೂ ತಾಳೆ ನೋಡುವವರು ಇರದಿದ್ದರೆ ಆ ಅಮ್ಮನ ಹಣ ಹೀಗೆಯೇ ಕಡಿಮೆಯಾಗುತ್ತಿತ್ತು. ಪ್ರಕರಣದ ಎರಡನೆಯ ತಿರುವು ಇದು. ಇಲ್ಲಿಂದ ಮುಂದೆ ಇದು ಕೇವಲ ತಾಂತ್ರಿಕ ಕಿರಿಕಿರಿ ಎಂದು ಯಾರೂ ಮಾತನಾಡಲಿಲ್ಲ.

ಎಂಜಿನಿಯರ್ ಲಾಗ್ ತೆರೆದರು. "ಪಟ್ಟಿಯಲ್ಲಿಲ್ಲದ ಡೇರಿ ಸಂಖ್ಯೆ" ಎಂದು ತಳ್ಳಿಹಾಕಿದ ಸಾವಿರಾರು ಸಾಲುಗಳು ಅಲ್ಲಿದ್ದವು. ಅಡ್ಡಾದಿಡ್ಡಿ ಸಂಖ್ಯೆಗಳಿರುತ್ತವೆ ಎಂದು ಅಂದುಕೊಂಡರೆ ಹೆಚ್ಚಿನವು 16640 ಮತ್ತು 16656ರ ನಡುವೆ ಕೂಡಿಕೊಂಡಿದ್ದವು. 16648 ಮತ್ತೆ ಮತ್ತೆ ಬರುತ್ತಿತ್ತು. ಇನ್ನೊಂದು ಗುಂಪು 16500ರ ಆಸುಪಾಸಿನಲ್ಲಿತ್ತು. ಹೀಗೆ ಗುಂಪುಗಟ್ಟಿದ ಅಂಕಿಗಳು ಗದ್ದಲವಾಗಿರಲು ಸಾಧ್ಯವಿಲ್ಲ. ನನ್ನನ್ನು ಕರೆದದ್ದು ಈ ಹಂತದಲ್ಲಿ.

16648ನ್ನು ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಆಧಾರದ ಪದ್ಧತಿಯಲ್ಲಿ, ಬರೆದರೆ 4108. ದಶಮಾಂಶ ಸಂಖ್ಯೆಗಳನ್ನು ಬಿಟ್‌ಗಳಲ್ಲಿ ಬರೆಯುವ ಐಇಇಇ 754 ಮಾನಕದ ಪ್ರಕಾರ 8.5 ಎಂಬ ಫ್ಲೋಟ್‌ನ ಹೆಕ್ಸ್ ರೂಪ 41080000. ಮೇಲಿನ ಅರ್ಧ ಅದೇ 4108. 8.0ರ ಮೇಲಿನ ಅರ್ಧ 4100, ಅಂದರೆ 16640. 9.0ರದ್ದು 4110, ಅಂದರೆ 16656. ಸರ್ವರ್ ಡೇರಿ ಸಂಖ್ಯೆ ಎಂದು ಓದುತ್ತಿದ್ದದ್ದು ಎಸ್‌ಎನ್‌ಎಫ್‌ನ ಮೇಲಿನ ಎರಡು ಬೈಟ್‌ಗಳನ್ನು. ಎರಡನೆಯ ಗುಂಪೂ ಹಾಗೆಯೇ: 16544 ಎಂದರೆ 5.0 ಲೀಟರ್, 16512 ಎಂದರೆ ಫ್ಯಾಟ್ 4.0. ದಾಖಲೆಗಳು ಕಾಣೆಯಾಗಿರಲಿಲ್ಲ. ಎಲ್ಲವೂ ಬಂದಿದ್ದವು, ಸರ್ವರ್ ಅವನ್ನು ತಪ್ಪು ಬೈಟಿನಿಂದ ಓದಲು ಶುರುಮಾಡಿತ್ತು.

ಮುಂದಿನದು ಲೆಕ್ಕ. ಡೇರಿಯ ಕಡೆ, ಜಾಲದಲ್ಲಿ ಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿ ನೋಡಿದಾಗ, ಮಳೆ ನಿಂತು ಸಂಪರ್ಕ ಮರಳಿದ ಕೂಡಲೇ ಮೊದಲ ದಾಖಲೆ ಒಂದೇ 28 ಬೈಟಿನ ಸೆಗ್ಮೆಂಟ್ (ಟಿಸಿಪಿ ಒಮ್ಮೆಗೆ ಕಳುಹಿಸುವ ತುಂಡು) ಆಗಿ ಹೊರಟಿತು. ಅದಕ್ಕೆ ಉತ್ತರ ಬರುವುದರೊಳಗೆ ಉಳಿದವು ಕೂಡಿಕೊಂಡು 1448 ಬೈಟಿನ ಸೆಗ್ಮೆಂಟ್‌ಗಳಾದವು. ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಅಂದರೆ ಎಂಟಿಯು, 1500 ಬೈಟ್; ಅದರಲ್ಲಿ ಐಪಿ ಮತ್ತು ಟಿಸಿಪಿ ತಲೆಬರಹಗಳಿಗೆ ತಲಾ 20, ಸಮಯಮುದ್ರೆಯ ಆಯ್ಕೆಗೆ 12 ಕಳೆದರೆ 1448. ಅದರಲ್ಲಿ 28ರ 51 ದಾಖಲೆಗಳು ಹಿಡಿದು 20 ಬೈಟ್ ಉಳಿಯುತ್ತದೆ. ಮೊದಲಿನದು ಒಂದು, ಆಮೇಲೆ 51, ಅಲ್ಲಿಗೆ 52. 53ನೆಯ ದಾಖಲೆಯ 20 ಬೈಟ್ ಈ ಸೆಗ್ಮೆಂಟ್‌ನಲ್ಲಿ, ಉಳಿದ 8 ಬೈಟ್ ಮುಂದಿನದರಲ್ಲಿ.

ಸರ್ವರ್ 28 ಬೈಟ್ ಕೇಳಿದಾಗ ಕೈಯಲ್ಲಿ 20 ಮಾತ್ರ ಇದ್ದರೆ ರಿಸೀವ್ 20 ಕೊಟ್ಟು ಹಿಂದಿರುಗುತ್ತದೆ. ಅದು ದೋಷವಲ್ಲ, ಅದರ ನಿಯಮವೇ ಹಾಗೆ. ಮೊದಲ 20 ಬೈಟ್‌ನಲ್ಲಿ ಫ್ಯಾಟ್‌ವರೆಗಿನ ಎಲ್ಲ ಕ್ಷೇತ್ರಗಳಿವೆ. ಎಸ್‌ಎನ್‌ಎಫ್ ಮತ್ತು ಹೊತ್ತು ಇಲ್ಲ. ಆ ಎರಡು ಜಾಗಗಳಲ್ಲಿ 52ನೆಯವರ ಬೆಲೆಗಳು ಹಾಗೆಯೇ ಕೂತಿದ್ದವು. ಡೇರಿ ಸಂಖ್ಯೆ ಸರಿ, ಸದಸ್ಯ ಸಂಖ್ಯೆ ಸರಿ, ಹೊತ್ತು ಅದೇ. ದಾಖಲೆ ನೆಟ್ಟಗೆ ಡೇಟಾಬೇಸ್ ಸೇರಿತು. ಮುಂದಿನ ಓದು 53ನೆಯವರ ಎಸ್‌ಎನ್‌ಎಫ್‌ನಿಂದ ಶುರುವಾಯಿತು, ಅಲ್ಲಿಂದ ಸಂಪರ್ಕ ಮುಚ್ಚುವವರೆಗೂ ಎಲ್ಲ ದಾಖಲೆಗಳು ಜಾರಿದ ಜಾಗದಿಂದಲೇ ಓದಲ್ಪಟ್ಟು ತಳ್ಳಿಹೋದವು. ಅಂದರೆ ಕಾಣೆಯಾದ ಪ್ರತಿ ಸಾಲಿನ ಮೊದಲು ಒಂದು ದಾಖಲೆ ತಪ್ಪು ಅಂಕಿಯೊಂದಿಗೆ ಒಳಗೆ ಹೋಗಿರುವ ಸಂಭವವಿತ್ತು. ಎರಡನೆಯ ದೊಡ್ಡ ಸೆಗ್ಮೆಂಟ್‌ನ ಗಡಿಯಲ್ಲಿ ಓದು ತುಂಡಾದರೆ 12 ಬೈಟ್ ಮಾತ್ರ ಸಿಗುತ್ತಿತ್ತು. ಆಗ ಪ್ರಮಾಣ, ಫ್ಯಾಟ್, ಎಸ್‌ಎನ್‌ಎಫ್ ಮೂರೂ ಹಿಂದಿನವರದು.

ಇಷ್ಟು ವರ್ಷ ಏಕೆ ಆಗಲಿಲ್ಲ? ಹಳೆಯ ಸರ್ವರ್ ನಿಧಾನವಾಗಿತ್ತು. ಅದರ ಡಿಸ್ಕ್‌ಗೆ ಒಂದು ದಾಖಲೆ ಬರೆದು ಮುಗಿಸಲು ಸುಮಾರು 10 ಮಿಲಿಸೆಕೆಂಡ್ ಬೇಕಿತ್ತು. 51 ದಾಖಲೆಗಳಿಗೆ ಅರ್ಧ ಸೆಕೆಂಡ್. ಅಷ್ಟರಲ್ಲಿ ಮುಂದಿನ ಸೆಗ್ಮೆಂಟ್ ಬಂದು ಕಾಯುತ್ತಿತ್ತು, 28 ಕೇಳಿದರೆ 28 ಸಿಗುತ್ತಿತ್ತು. ಎಸ್‌ಎಸ್‌ಡಿ ಇದ್ದ ಹೊಸ ಸರ್ವರ್ 51ನ್ನೂ ಕ್ಷಣದಲ್ಲಿ ಮುಗಿಸಿ, ಮುಂದಿನ ಸೆಗ್ಮೆಂಟ್ ಬರುವ ಮೊದಲೇ ಕೈಚಾಚುತ್ತಿತ್ತು. ಸೆಕೆಂಡಿಗೆ 100 ಕಿಲೋಬಿಟ್ ಹೋಗುವ ಸಂಪರ್ಕದಲ್ಲಿ ಒಂದು ಪೂರ್ಣ ಪ್ಯಾಕೆಟ್‌ಗೆ ಸುಮಾರು 120 ಮಿಲಿಸೆಕೆಂಡ್ ಬೇಕು. ದೋಷ ಕೋಡ್‌ನಲ್ಲಿ ಮೊದಲ ದಿನದಿಂದ ಇತ್ತು, ನಿಧಾನಗತಿ ಅದನ್ನು ಮುಚ್ಚಿಟ್ಟಿತ್ತು.

ಕಚೇರಿಯ ಪರೀಕ್ಷೆಯಲ್ಲಿ ಕಾಣದಿರಲು ಕಾರಣವೂ ಇದೇ ಜಾತಿಯದು. ಒಂದೇ ಯಂತ್ರದೊಳಗೆ ಎರಡೂ ಪ್ರೋಗ್ರಾಂ ಓಡಿಸಿದಾಗ ಬೈಟ್‌ಗಳು ಲೂಪ್‌ಬ್ಯಾಕ್ ಮೂಲಕ ಹೋಗುತ್ತವೆ. ಲಿನಕ್ಸ್‌ನಲ್ಲಿ ಅದರ ಎಂಟಿಯು 65536. ಒಂದು ಹೊತ್ತಿನ 120 ಸದಸ್ಯರ ದಾಖಲೆ ಒಟ್ಟು 3360 ಬೈಟ್, ಅದು ತುಂಡಾಗುವ ಪ್ರಶ್ನೆಯೇ ಅಲ್ಲಿಲ್ಲ.

ಎಷ್ಟು ಸರಿಪಡಿಸಬೇಕು ಎಂಬ ಚರ್ಚೆ

ಕಾರಣ ಸಿಕ್ಕ ಮೇಲೆ ಎರಡು ಅಭಿಪ್ರಾಯಗಳು ಬಂದವು. ಹಿರಿಯ ಪ್ರೋಗ್ರಾಮರ್ ಒಬ್ಬರದು: 28 ಬೈಟ್ ಪೂರ್ತಿಯಾಗುವವರೆಗೆ ರಿಸೀವ್ ಅನ್ನು ಲೂಪ್‌ನಲ್ಲಿ ಕರೆಯೋಣ, ಅಲ್ಲಿಗೆ ಮುಗಿಯಿತು, ನೂರಾರು ಡೇರಿಗಳ ಪ್ರೋಗ್ರಾಂ ಮುಟ್ಟುವುದು ಬೇಡ. ಕಿರಿಯ ಎಂಜಿನಿಯರ್‌ದು: ಸ್ಟ್ರಕ್ಟ್ ಕಳುಹಿಸುವುದನ್ನೇ ನಿಲ್ಲಿಸೋಣ. ಹಿರಿಯರ ಮಾತಿನಲ್ಲಿ ತೂಕವಿತ್ತು. ಊರೂರು ಸುತ್ತಿ ಪ್ರೋಗ್ರಾಂ ಬದಲಿಸುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಚರ್ಚೆಯನ್ನು ತೀರ್ಮಾನಿಸಿದ್ದು ಒಂದು ಸಣ್ಣ ಪೆಟ್ಟಿಗೆ. ಕೆಟ್ಟುಹೋಗುತ್ತಿದ್ದ ಹಳೆಯ ಕಂಪ್ಯೂಟರ್‌ಗಳ ಬದಲು ಕಡಿಮೆ ವಿದ್ಯುತ್ ಸಾಕಾಗುವ, ಓಪನ್‌ಡಬ್ಲ್ಯುಆರ್‌ಟಿ (ರೌಟರ್‌ಗಳಿಗಾಗಿ ಇರುವ ಲಿನಕ್ಸ್) ಓಡುವ ರೌಟರ್ ಬೋರ್ಡ್‌ಗಳನ್ನು ಪ್ರಯೋಗಕ್ಕೆ ತರಿಸಿದ್ದರು. ಅದರಲ್ಲಿದ್ದದ್ದು ಎಥೆರೋಸ್‌ನ ಮಿಪ್ಸ್ ಚಿಪ್, ಬಿಗ್ ಎಂಡಿಯನ್. ಸಂಖ್ಯೆಯ ದೊಡ್ಡ ಬೈಟ್ ಅಲ್ಲಿ ಮೊದಲು ಬರುತ್ತದೆ. ಇಂಟೆಲ್ ಬಗೆಯ ಯಂತ್ರಗಳಲ್ಲಿ ಚಿಕ್ಕ ಬೈಟ್ ಮೊದಲು. ಹಳೆಯ ಕೋಡ್ ಅನ್ನೇ ಆ ಬೋರ್ಡ್‌ಗೆ ಕಂಪೈಲ್ ಮಾಡಿ ಒಂದು ದಾಖಲೆ ಕಳುಹಿಸಿದರು. ಗಾತ್ರ ಸರಿಯಾಗಿ 28. ಆದರೆ 17ನೆಯ ಡೇರಿ ಸರ್ವರ್‌ನಲ್ಲಿ 4352 ಆಯಿತು, 412ನೆಯ ಸದಸ್ಯರು 2617311232 ಆದರು, 4.1 ಫ್ಯಾಟ್ ಇದ್ದದ್ದು ಶೂನ್ಯ ಎಂದು ಮುದ್ರಣವಾಯಿತು. ತಿರುವುಮುರುವಾದ ಆ ನಾಲ್ಕು ಬೈಟ್‌ಗಳ ಬೆಲೆ ಒಂದರ ಕೋಟಿ ಭಾಗಕ್ಕಿಂತ ಕಡಿಮೆ, ದಶಮಾಂಶದ ಒಂದು ಸ್ಥಾನಕ್ಕೆ ತೋರಿಸಿದರೆ 0.0. ಆ ಹಾಳೆಯನ್ನು ನೋಡಿದ ಹಿರಿಯರು ತಾವೇ ಹೊಸ ವಿನ್ಯಾಸದ ಪರವಾದರು.

ಸ್ಟ್ರಕ್ಟ್‌ನ ಖಾಲಿ ಬೈಟ್‌ಗಳನ್ನು ತೆಗೆಸಿ ಒತ್ತೊತ್ತಾಗಿ ಜೋಡಿಸುವ ಕಂಪೈಲರ್ ಸೂಚನೆ ಸಾಕಲ್ಲವೇ ಎಂಬ ಪ್ರಶ್ನೆ ಬಂದಿತ್ತು. ಅದು ಪ್ಯಾಡಿಂಗ್ ಒಂದನ್ನೇ ಬಗೆಹರಿಸುತ್ತದೆ. ಬೈಟ್ ಕ್ರಮ ಹಾಗೆಯೇ ಉಳಿಯುತ್ತದೆ, ಲಾಂಗ್‌ನ ಗಾತ್ರ ಹಾಗೆಯೇ ಉಳಿಯುತ್ತದೆ. ಮೇಲಾಗಿ ಹೊಂದಿಕೆಯಿಲ್ಲದ ವಿಳಾಸದಿಂದ ನಾಲ್ಕು ಬೈಟ್ ಒಮ್ಮೆಗೇ ಓದುವುದನ್ನು ಇಂಟೆಲ್ ಸಹಿಸುತ್ತದೆ, ಎಲ್ಲ ಚಿಪ್‌ಗಳೂ ಸಹಿಸುವುದಿಲ್ಲ. ದಾಖಲೆಗಳನ್ನು ಎಲ್ಲ ಯಂತ್ರಗಳಿಗೂ ಒಂದೇ ಆಗುವಂತೆ ಬೈಟ್‌ಗಳಾಗಿಸುವ ಎಕ್ಸ್‌ಡಿಆರ್, ಪ್ರೋಟೋಕಾಲ್ ಬಫರ್ಸ್‌ನಂಥ ಸಿದ್ಧ ವಿಧಾನಗಳನ್ನು ಬಳಸುವ ಮಾತೂ ಬಂತು. ಸಂದೇಶಗಳ ಬಗೆ ಇದ್ದದ್ದು ಮೂರೇ ಆದ್ದರಿಂದ, ಬೋರ್ಡ್‌ನಲ್ಲಿ ಜಾಗವೂ ಕಡಿಮೆ ಇದ್ದುದರಿಂದ ಕೈಯಿಂದಲೇ ಬರೆಯಲು ತೀರ್ಮಾನಿಸಿದರು. ಬಗೆಗಳು ಇಪ್ಪತ್ತಿದ್ದಿದ್ದರೆ ನಾನು ಸಿದ್ಧ ವಿಧಾನಕ್ಕೇ ಪಟ್ಟು ಹಿಡಿಯುತ್ತಿದ್ದೆ.

ಹೊಸ ರೂಪ

ಕೋಡ್‌ಗಿಂತ ಮೊದಲು ಒಂದು ಪುಟದ ಕೋಷ್ಟಕ ಬರೆದರು. ಯಾವ ಕ್ಷೇತ್ರ ಎಷ್ಟನೆಯ ಬೈಟಿನಿಂದ, ಎಷ್ಟು ಬೈಟ್, ಯಾವ ಮಾನದಲ್ಲಿ. ಎಲ್ಲ ಸಂಖ್ಯೆಗಳೂ ದೊಡ್ಡ ಬೈಟ್ ಮೊದಲು, ಅಂದರೆ ಜಾಲದ ವಾಡಿಕೆಯ ಕ್ರಮ. ಪ್ರತಿ ಸಂದೇಶಕ್ಕೆ 12 ಬೈಟಿನ ತಲೆಬರಹ: ನಾಲ್ಕು ಬೈಟಿನ ಗುರುತು, ಎರಡು ಬೈಟಿನ ಆವೃತ್ತಿ, ಎರಡು ಬೈಟಿನ ಬಗೆ, ನಾಲ್ಕು ಬೈಟಿನ ಉದ್ದ. ಆಮೇಲೆ ಒಡಲು, ಕೊನೆಯಲ್ಲಿ ಸಿಆರ್‌ಸಿ, ಅಂದರೆ ಬೈಟ್‌ಗಳು ಕೆಟ್ಟಿವೆಯೇ ಎಂದು ತಾಳೆ ನೋಡುವ ಸಂಖ್ಯೆ. ಹಾಲಿನ ದಾಖಲೆಗೆ ಒಟ್ಟು 48 ಬೈಟ್. ಇಪ್ಪತ್ತು ಬೈಟ್ ಹೆಚ್ಚಾಯಿತು ಎಂದು ಒಬ್ಬರು ಆಕ್ಷೇಪಿಸಿದರು. 120 ಸದಸ್ಯರ ದಾಖಲೆ ಒಟ್ಟು 5760 ಬೈಟ್, ಫೋನಿನಲ್ಲಿ ತೆಗೆದ ಒಂದು ಚಿತ್ರಕ್ಕಿಂತ ಎಷ್ಟೋ ಚಿಕ್ಕದು.

ಫ್ಲೋಟ್ ಅನ್ನು ಪೂರ್ತಿ ಕೈಬಿಟ್ಟರು. ಫ್ಯಾಟ್, ಎಸ್‌ಎನ್‌ಎಫ್‌ಗಳನ್ನು ನೂರರಿಂದ ಗುಣಿಸಿ ಪೂರ್ಣಾಂಕವಾಗಿ ಕಳುಹಿಸುವುದು, ಪ್ರಮಾಣವನ್ನು 10 ಮಿಲಿಲೀಟರ್ ಮಾನದಲ್ಲಿ. ಇಲ್ಲಿಯೂ ಒಂದು ಮುಳ್ಳಿತ್ತು. 4.1 ಫ್ಲೋಟ್‌ನಲ್ಲಿ ನಿಜವಾಗಿ 4.0999999ರಷ್ಟು. ಅದನ್ನು ಡಬಲ್ (ಎಂಟು ಬೈಟಿನ ದಶಮಾಂಶ ಸಂಖ್ಯೆ) ಆಗಿ ನೂರರಿಂದ ಗುಣಿಸಿ ಭಿನ್ನಾಂಶ ಕತ್ತರಿಸಿದರೆ 410ರ ಬದಲು 409 ಬರುತ್ತದೆ. ಕತ್ತರಿಸದೆ ಹತ್ತಿರದ ಪೂರ್ಣಾಂಕಕ್ಕೆ ತರಬೇಕು. ಪರೀಕ್ಷಾ ಯಂತ್ರ ಕೊಡುವ ಎಲ್ಲ ಸಾಧ್ಯ ಬೆಲೆಗಳನ್ನೂ ಒಮ್ಮೆ ಓಡಿಸಿ ಇದನ್ನು ಖಚಿತಪಡಿಸಿಕೊಂಡರು.

ಬೈಟ್‌ಗಳನ್ನು ಜೋಡಿಸುವ, ಬಿಡಿಸುವ ಕೆಲಸವನ್ನು ಶಿಫ್ಟ್ ಬಳಸಿ ನಾಲ್ಕಾರು ಪುಟ್ಟ ಫಂಕ್ಷನ್‌ಗಳಲ್ಲಿ ಬರೆದರು. ಯಂತ್ರ ಯಾವ ಕ್ರಮದ್ದು ಎಂದು ಕೋಡ್ ಕೇಳುವುದೇ ಇಲ್ಲ, ಬೆಲೆಯನ್ನು 24 ಬಿಟ್ ಸರಿಸಿದರೆ ದೊಡ್ಡ ಬೈಟ್ ಎಲ್ಲ ಯಂತ್ರದಲ್ಲೂ ಒಂದೇ. ಬಿಡಿಸುವಾಗ ಮಾತ್ರ ಒಂದು ಎಚ್ಚರ ಬೇಕು. ಒಂದು ಬೈಟನ್ನು ಹಾಗೆಯೇ 24 ಬಿಟ್ ಎಡಕ್ಕೆ ಸರಿಸಿದರೆ ಸಿ ಅದನ್ನು ಮೊದಲು ಚಿಹ್ನೆಯಿರುವ ಇಂಟ್ ಮಾಡಿಕೊಳ್ಳುತ್ತದೆ, ಬೈಟ್ 128 ಅಥವಾ ಹೆಚ್ಚಿದ್ದರೆ ಚಿಹ್ನೆಯ ಬಿಟ್ ಕೆಡುತ್ತದೆ. ಮೊದಲೇ 32 ಬಿಟ್‌ನ ಚಿಹ್ನೆಯಿಲ್ಲದ ಬಗೆಗೆ ಬದಲಿಸಿ ನಂತರ ಸರಿಸಬೇಕು.

ಓದಲು ಒಂದೇ ಫಂಕ್ಷನ್: ಕೇಳಿದಷ್ಟೂ ಬೈಟ್ ಸಿಗುವವರೆಗೆ ಲೂಪ್. ಶೂನ್ಯ ಬಂದರೆ ಆಚೆಯವರು ಮುಚ್ಚಿದ್ದಾರೆ. −1 ಬಂದು ಕಾರಣ ಸಿಗ್ನಲ್ (ಆಪರೇಟಿಂಗ್ ಸಿಸ್ಟಂ ನಡುವೆ ಕೊಡುವ ಸೂಚನೆ) ಆಗಿದ್ದರೆ ಮತ್ತೆ ಪ್ರಯತ್ನ, ಬೇರೆಯಾದರೆ ಸಂಪರ್ಕ ಮುಚ್ಚುವುದು. ಪೂರ್ತಿ ಬರುವವರೆಗೆ ಕಾಯುವಂತೆ ರಿಸೀವ್‌ಗೆ ಸೂಚನೆ ಕೊಡುವ ಆಯ್ಕೆಯೊಂದಿದೆ, ಆದರೆ ಸಿಗ್ನಲ್ ಬಂದರೆ ಅದೂ ಕಡಿಮೆ ಕೊಟ್ಟು ಹಿಂದಿರುಗಬಹುದು. ಲೂಪ್ ಹೇಗಿದ್ದರೂ ಬೇಕು. ಕಳುಹಿಸುವ ಕಡೆಯೂ ಅಂಥದ್ದೇ ಲೂಪ್, ಜೊತೆಗೆ ಮುರಿದ ಸಂಪರ್ಕಕ್ಕೆ ಬರೆದಾಗ ಪ್ರೋಗ್ರಾಂ ಸಾಯದಂತೆ ಸಿಗ್‌ಪೈಪ್ ಎಂಬ ಸಿಗ್ನಲ್ ತಡೆಯುವ ವ್ಯವಸ್ಥೆ. ತಲೆಬರಹ ಓದಿದ ಮೇಲೆ ಗುರುತು ತಪ್ಪಿದರೆ ಅಥವಾ ಉದ್ದ 4096 ಮೀರಿದರೆ ಮರುಮಾತಿಲ್ಲದೆ ಮುಚ್ಚುವುದು. ಆಚೆಯವರು ಹೇಳಿದ ಉದ್ದವನ್ನು ನಂಬಿ ಮೆಮೊರಿ ತೆಗೆದುಕೊಳ್ಳುವ ಕೋಡ್ ಅಂತರ್ಜಾಲಕ್ಕೆ ತೆರೆದುಕೊಂಡಿರಬಾರದು.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡ ತೀರ್ಮಾನ ಬೇರೆಯೇ. ಸೆಂಡ್ ಯಶಸ್ವಿಯಾಯಿತು ಎಂದರೆ ಬೈಟ್‌ಗಳು ತನ್ನದೇ ಕರ್ನಲ್‌ನ ಬಫರ್‌ಗೆ ಹೋದವು ಎಂದಷ್ಟೇ. ಆಚೆ ತಲುಪಿದವು ಎಂದಲ್ಲ, ಡೇಟಾಬೇಸ್ ಸೇರಿದವು ಎಂದು ಮೊದಲೇ ಅಲ್ಲ. ಹಳೆಯ ಪ್ರೋಗ್ರಾಂ ಆ ಕ್ಷಣದಲ್ಲೇ ಸರದಿ ಕಡತದಿಂದ ದಾಖಲೆ ಅಳಿಸುತ್ತಿತ್ತು. ಹೊಸದರಲ್ಲಿ ಪ್ರತಿ ದಾಖಲೆಗೆ ಕ್ರಮಸಂಖ್ಯೆ ಇದೆ. ಡೇಟಾಬೇಸ್‌ನಲ್ಲಿ ಬರೆದು ಮುಗಿದ ಮೇಲೆ ಸರ್ವರ್ ಆ ಸಂಖ್ಯೆಯನ್ನು ಹಿಂದಕ್ಕೆ ಹೇಳುತ್ತದೆ, ಆಮೇಲಷ್ಟೇ ಡೇರಿ ಅಳಿಸುತ್ತದೆ. ಉತ್ತರ ದಾರಿಯಲ್ಲಿ ಕಳೆದುಹೋದರೆ ಅದೇ ದಾಖಲೆ ಮತ್ತೆ ಬರುತ್ತದೆ, ಡೇರಿ ಸಂಖ್ಯೆ ಮತ್ತು ಕ್ರಮಸಂಖ್ಯೆಯ ಜೋಡಿ ಒಮ್ಮೆ ಮಾತ್ರ ಇರಬೇಕೆಂಬ ನಿಯಮದಿಂದ ಅದು ಎರಡನೆಯ ಬಾರಿ ಸೇರುವುದಿಲ್ಲ. ಓದುವ ಲೂಪ್ ಮಾತ್ರ ಸರಿಪಡಿಸಿ ಇದನ್ನು ಬಿಟ್ಟಿದ್ದರೆ, ಸಂಪರ್ಕ ನಡುವೆ ಕಡಿದಾಗಲೆಲ್ಲ ಬಫರ್‌ನಲ್ಲಿದ್ದ ದಾಖಲೆಗಳು ಹೋಗುತ್ತಲೇ ಇರುತ್ತಿದ್ದವು.

ಪರೀಕ್ಷೆಗೆ ಅವರು ಬರೆದ ಸಾಧನ ಸರಳವಾದದ್ದು, ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಬರೆದುಕೊಳ್ಳಬಹುದು. ಕಳುಹಿಸುವವರಿಗೂ ಪಡೆಯುವವರಿಗೂ ನಡುವೆ ನಿಂತು, ಬಂದ ಬೈಟ್‌ಗಳನ್ನು ಒಮ್ಮೆ ಒಂದೊಂದಾಗಿ, ಒಮ್ಮೆ ಮನಬಂದ ತುಂಡುಗಳಲ್ಲಿ, ನಡುವೆ ತಡೆದು ತಡೆದು ಮುಂದೆ ಕೊಡುವ ಪ್ರೋಗ್ರಾಂ. ಹಳೆಯ ಕೋಡ್ ಅದರ ಮುಂದೆ ಮೊದಲ ದಾಖಲೆಯಲ್ಲೇ ಕೆಟ್ಟಿತು. ಇಷ್ಟು ತಿಂಗಳು ಮಳೆಗಾಗಿ ಕಾದು ನೋಡಿದ ದೋಷ ಕಚೇರಿಯ ಮೇಜಿನ ಮೇಲೆ ಬೇಕೆಂದಾಗ ಬಂತು. ಹೊಸ ಕೋಡ್ ರಾತ್ರಿಯಿಡೀ ಓಡಿತು, ಒಂದು ದಾಖಲೆಯೂ ಹೆಚ್ಚುಕಡಿಮೆ ಆಗಲಿಲ್ಲ. ರೌಟರ್ ಬೋರ್ಡ್‌ನಲ್ಲಿ ಅದೇ ಕೋಡ್ ಒಂದಕ್ಷರ ಬದಲಾಗದೆ ಕೆಲಸ ಮಾಡಿತು, ಸರ್ವರ್ ಈಗ 64 ಬಿಟ್‌ನಲ್ಲೇ ಕಂಪೈಲ್ ಆಗುತ್ತದೆ.

ಹಳೆಯ ಬಟವಾಡೆ

ಎಲ್ಲ ಡೇರಿಗಳನ್ನೂ ಒಮ್ಮೆಗೇ ಬದಲಿಸಲು ಆಗಲಿಲ್ಲ. ಹೊಸ ರೂಪಕ್ಕೆ ಬೇರೆ ಪೋರ್ಟ್ ಕೊಟ್ಟು, ಹಳೆಯ ಪೋರ್ಟ್‌ನಲ್ಲಿ 28 ಬೈಟ್ ಪೂರ್ತಿ ಓದಿ, ಪ್ರತಿ ಕ್ಷೇತ್ರವನ್ನು ಅದರ ಜಾಗದಿಂದ ಚಿಕ್ಕ ಬೈಟ್ ಮೊದಲು ಎಂದೇ ಬಿಡಿಸುವ ಕೋಡ್ ಇಟ್ಟರು. ಪಟ್ಟಿಯಲ್ಲಿಲ್ಲದ ಸಂಖ್ಯೆ ಬಂದರೆ ಈಗ ಸಂಪರ್ಕ ಮುಚ್ಚುತ್ತದೆ, ಕರ್ತವ್ಯದಲ್ಲಿರುವವರ ಮೊಬೈಲ್‌ಗೆ ಸಂದೇಶವೂ ಹೋಗುತ್ತದೆ.

ಉಳಿದದ್ದು ಆಗಲೇ ತಪ್ಪಾಗಿ ಹೋಗಿದ್ದ ಹಣ. ಆ ಕೆಲಸವನ್ನು ಕಿರಿಯ ಎಂಜಿನಿಯರ್ ಯಾರೂ ಹೇಳದೆ ಕೈಗೆತ್ತಿಕೊಂಡರು. ಲಾಗ್‌ನಲ್ಲಿ ತಳ್ಳಿಹೋದ ಸಾಲುಗಳ ಪ್ರತಿ ಗುಂಪಿನ ಆರಂಭವನ್ನು ಹಿಡಿದು, ಅದಕ್ಕೆ ಸರಿಯಾಗಿ ಮೊದಲು ಡೇಟಾಬೇಸ್ ಸೇರಿದ ದಾಖಲೆಯನ್ನು ಹುಡುಕಿದರು. ಆ ದಾಖಲೆಯ ಎಸ್‌ಎನ್‌ಎಫ್ ಅದರ ಹಿಂದಿನವರ ಎಸ್‌ಎನ್‌ಎಫ್‌ಗೆ ಸಮನಾಗಿದ್ದರೆ ಗುರುತು ಹಾಕಿ, ಡೇರಿಯ ಪುಸ್ತಕದೊಂದಿಗೆ ತಾಳೆ ನೋಡಲು ಪಟ್ಟಿ ಕಳುಹಿಸಿದರು. 16640ರಿಂದ 16656ರವರೆಗಿನ ಸಂಖ್ಯೆಗಳಿದ್ದ ಗುಂಪುಗಳಲ್ಲಿ ಒಂದು ಅನುಕೂಲವೂ ಇತ್ತು: ಗುಂಪಿನ ಮೊದಲ ಸಾಲಿನ ಸಂಖ್ಯೆಯೇ 53ನೆಯವರ ನಿಜವಾದ ಎಸ್‌ಎನ್‌ಎಫ್‌ನ ಮೇಲಿನ ಅರ್ಧ. ಅದರಿಂದ ಬೆಲೆಯನ್ನು ಹತ್ತನೆಯ ಒಂದು ಭಾಗದವರೆಗೆ ಹಿಂದಕ್ಕೆ ಲೆಕ್ಕ ಹಾಕಬಹುದಿತ್ತು. ಪುಸ್ತಕದ ಅಂಕಿಗೂ ಅದಕ್ಕೂ ಹೊಂದಿದ ಕಡೆ ಬೇರೆ ವಿಚಾರಣೆ ಬೇಕಾಗಲಿಲ್ಲ. ಕಡಿಮೆ ಸಿಕ್ಕಿದ್ದವರಿಗೆ ವ್ಯತ್ಯಾಸವನ್ನು ಮುಂದಿನ ಬಟವಾಡೆಯಲ್ಲಿ ಸೇರಿಸಿದರು. ಹೆಚ್ಚು ಸಿಕ್ಕಿದ್ದವರಿಂದ ವಾಪಸು ಕೇಳುವುದು ಬೇಡ ಎಂದು ಸಂಸ್ಥೆ ತೀರ್ಮಾನಿಸಿತು. ಹಿಂದಿನ ಲಾಗ್ ಅಳಿಸಿಹೋಗಿದ್ದ ಅವಧಿಗೆ ಮಾತ್ರ ಚೀಟಿ ಇಟ್ಟುಕೊಂಡಿದ್ದವರ ಚೀಟಿಯನ್ನೇ ಪ್ರಮಾಣವಾಗಿ ಒಪ್ಪಿಕೊಂಡರು.